ಜೇನವ್ವನ ಮುಂದೆ ಊದಿದ ಉಸಿರು

ಆ ಕಾಡಿನಲ್ಲಿ ಬಸುರಿಯರ ಉಸಿರಿನಲ್ಲಿ ಹೊಗೆ ಇದೆಯೇ ಎಂದು ನೋಡಿ ಹೇಳುವುದು ಮುದಿ ಜೇನುಹುಳುವಿನ ಕೆಲಸ. ದಾರಿಹೋಕರು ಎಸೆದ ಬೀಡಿತುಂಡು ಸೇದುವ ಚಟ ಹತ್ತಿದ್ದ ಬಸುರಿ ಕೋತಿ ಕೆಂಚಿ, ಬಾಯಿತುಂಬ ತುಳಸಿ ಅಗಿದುಕೊಂಡು ಬಂದು, "ಬಿಟ್ಟು ತಿಂಗಳಾಯಿತು ಜೇನವ್ವಾ!" ಎಂದು ಜಂಬದಿಂದ ಊದಿದಳು. ಹೊಗೆ ತಾಗಿದ ಜೇನು ತೂರಾಡಿ ಎಲೆಯ ಮೇಲಿಂದ ಕೆಳಗೆ ಬಿತ್ತು.

"ಬಾಯಿಗೇನೋ ತುಳಸಿ ಆಯಿತು. ಎದೆಗೆ ಏನು ಅಗಿದೆ, ತಾಯಿ?" ಎಂದಿತು ಬಿದ್ದಲ್ಲಿಂದಲೇ.

ಕೆಂಚಿಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡಳು. "ಮೆಲ್ಲಗೆ ಹೇಳವ್ವಾ, ಒಳಗಿನ ಕೂಸು ಕೇಳಿಸಿಕೊಂಡೀತು."

"ಕೇಳಿಸಿಕೊಳ್ಳುವುದೇನು ಬಂತು? ನೀನು ಸೇದಿದ್ದನ್ನು ಅದೂ ಸೇದಿದೆ. ಬೈಯುವುದು ನನ್ನ ಕೆಲಸವಲ್ಲ. ನಾಳೆ ಬಂದು ಮತ್ತೆ ಊದು."

ಕೆಂಚಿ ತಲೆಯೆತ್ತದೆ ಜೇನನ್ನು ಅಂಗೈಗೆ ತೆಗೆದುಕೊಂಡಳು. ಅದನ್ನು ಎಲೆಯ ಮೇಲೆ ಕೂರಿಸುವವರೆಗೂ, ತಾಗೀತೆಂದು, ತನ್ನ ಉಸಿರನ್ನು ಬಿಗಿಹಿಡಿದೇ ಇದ್ದಳು.