ಸಣ್ಣ ಬಟ್ಟಲಿನ ಊಟ

"ಅಪ್ಪಾವರೇ, ಇನ್ನು ನನಗೆ ಊಟದ ಹೊತ್ತು ಎಂಬುದು ಯಾಕೆ ಬೇಕು?"

ಹೀಗೆ ಕೇಳಿದವನು ಗುರುಪಾದ, ಶಾಲೆಯ ಮಾಸ್ತರ. ಕೇಳಿದ್ದು ಮಠದ ಹಿರಿಯ ಸ್ವಾಮಿಗಳನ್ನು. ಅವರನ್ನು ಊರೆಲ್ಲ ಅಪ್ಪಾವರು ಎಂದೇ ಕರೆಯುತ್ತಿತ್ತು. ಹಿಂದೆ ಗುರುಪಾದ ಮಠಕ್ಕೆ ಬಂದರೆ ಮೆಟ್ಟಿಲ ಮೇಲೆಯೇ ಕುಳಿತು ದಮ್ಮು ತೆಗೆದುಕೊಳ್ಳಬೇಕಾಗುತ್ತಿತ್ತು, ಅಷ್ಟು ದೊಡ್ಡ ಮೈ. ಕಳೆದ ಬೇಸಿಗೆಯಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಿದ್ದ. ಡಾಕ್ಟರು ಹೊಟ್ಟೆಯ ಮುಕ್ಕಾಲು ಪಾಲನ್ನು ತೆಗೆದುಹಾಕಿದ್ದರು. ಈಗ ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಿದ್ದ. ಆದರೆ ದಾಸೋಹದ ಗಂಟೆ ಬಾರಿಸಿ ಎಲ್ಲರೂ ಪಂಕ್ತಿಗೆ ಎದ್ದರೆ, ಅವನು ಬಾವಿಕಟ್ಟೆಯ ಕಡೆ ಹೋಗಿ ಒಬ್ಬನೇ ಕುಳಿತುಬಿಡುತ್ತಿದ್ದ. ಆ ದಿನವೂ ಹಾಗೆಯೇ ಕುಳಿತಿದ್ದ. ಪಕ್ಕದಲ್ಲಿ ಅವನ ಅಕ್ಕ ನೀಲವ್ವ ಕಟ್ಟಿಕೊಟ್ಟ ಗಂಜಿಯ ಡಬ್ಬಿ ಇತ್ತು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳು. ಅವನು ಮದುವೆಯಾಗಿರಲಿಲ್ಲ, ಈಗಲೂ ಅವಳೇ ಬೇಯಿಸಿ ಹಾಕುತ್ತಿದ್ದಳು.

ಅಪ್ಪಾವರು ಕೈ ತೊಳೆಯಲು ಬಂದವರು ಅವನನ್ನು ಕಂಡು ಕಟ್ಟೆಯ ಮೇಲೆ ಕುಳಿತರು. ಗುರುಪಾದ ತನ್ನ ಸಂಕಟ ಹೇಳಿಕೊಂಡ. ನಾಲ್ಕು ಚಮಚ ತಿಂದರೆ ತುಂಬಿಹೋಗುತ್ತದೆ. ಅದನ್ನೂ ಅರ್ಧ ಗಂಟೆ ಅಗಿಯಬೇಕು. ಅವಸರ ಮಾಡಿದರೆ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಉಣ್ಣುವಾಗ ನೀರು ಕುಡಿಯುವಂತಿಲ್ಲ. ಹೊಟ್ಟೆ ಹೋಯಿತು, ಆಸೆ ಇದ್ದಲ್ಲಿಯೇ ಇದೆ. ಹತ್ತು ಜನರ ನಡುವೆ ಮಕ್ಕಳ ಬಟ್ಟಲು ಮುಂದಿಟ್ಟುಕೊಂಡು ಕೂರಲು ನಾಚಿಕೆ. ಮಾತ್ರೆ ನುಂಗಿದಂತೆ ಎಲ್ಲಿಯೋ ಮೂಲೆಯಲ್ಲಿ ನಿಂತು ಮುಗಿಸಿಬಿಡೋಣ ಎನ್ನಿಸುತ್ತದೆ. ಹೇಳುತ್ತ ಹೇಳುತ್ತ ಅವನು ಡಬ್ಬಿಯನ್ನು ಆಚೆ ಸರಿಸಿ ಮುಖ ತಿರುಗಿಸಿಕೊಂಡ.

ಅಪ್ಪಾವರು ಕೂಡಲೇ ಸಮಾಧಾನ ಹೇಳುವ ಪೈಕಿ ಅಲ್ಲ. ಅಳು ಬಂದರೆ ಅತ್ತುಬಿಡು ತಮ್ಮಾ, ಅದನ್ನು ಡಾಕ್ಟರು ಬೇಡ ಎಂದಿಲ್ಲವಲ್ಲ ಎಂದರು. ಅವನು ಅತ್ತು ಮುಗಿಸುವವರೆಗೆ ಕಾದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಕಾಳುಕಡಿ ವ್ಯಾಪಾರ. ಹೆಸರು ಕೇಳಬೇಡ, ಹೇಳಿದರೆ ನಾಳೆ ಬೆಳಗಾಗುವುದರೊಳಗೆ ಅವನ ಅಂಗಡಿಯ ಮುಂದೆ ನಿಂತಿರುತ್ತೀಯೆ. ಉಣ್ಣುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನು ಕುಳಿತ ಪಂಕ್ತಿಗೆ ಹೋಳಿಗೆಯ ಬುಟ್ಟಿ ಬೇರೆಯೇ ಬರಬೇಕು. ಮದುವೆ ಮನೆಯವರು ಅವನನ್ನು ಹುಡುಕಿಕೊಂಡು ಹೋಗಿ ಕರೆಯುತ್ತಿದ್ದರು, ಯಾಕೆಂದರೆ ಅವನು ಉಣ್ಣುವುದನ್ನು ನೋಡಿದರೆ ಹಸಿವಿಲ್ಲದವನಿಗೂ ಹಸಿವಾಗುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಅವನ ಬಾಯಲ್ಲಿ ಯಾವಾಗಲೂ ಇರುವುದೇ. ತನ್ನಷ್ಟು ಊಟ ಬಲ್ಲವನು ಸುತ್ತ ಹಳ್ಳಿಯಲ್ಲಿ ಇಲ್ಲ ಎಂದು ಅವನು ನಂಬಿದ್ದ.

ಮನೆಯಲ್ಲಿ ಹೆಂಡತಿ ಬಡಿಸುವಳು, ಅವನು ಉಣ್ಣುವನು. ಮದುವೆಯಾದಾಗಿನಿಂದ ಅವರ ನಡುವೆ ನಡೆದ ಮಾತು ಹೆಚ್ಚು ಕಡಿಮೆ ಇಷ್ಟೇ. ಹಾಕಲೇ ಎಂದು ಅವಳು, ಹಾಕು ಎಂದು ಅವನು. ಜಗಳವಾದ ದಿನ ಅವಳು ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದಳು. ಅವನು ಎರಡು ರೊಟ್ಟಿ ಹೆಚ್ಚು ಉಣ್ಣುತ್ತಿದ್ದ. ರಾಜಿಯಾಯಿತು ಎಂದು ಇಬ್ಬರಿಗೂ ತಿಳಿಯುತ್ತಿತ್ತು. ನಗಬೇಡ, ಎಷ್ಟೋ ಮನೆಗಳಲ್ಲಿ ಇಷ್ಟೂ ಇರುವುದಿಲ್ಲ.

ಒಂದು ದಿನ ಮೈ ಕೈಕೊಟ್ಟಿತು. ಮೊಣಕಾಲು ಹೋಯಿತು. ಸಕ್ಕರೆ ಕಾಯಿಲೆ ಬಂತು. ಮಲಗಿದರೆ ಉಸಿರು ಕಟ್ಟುವುದು. ಬಗ್ಗಲು ಆಗದೆ, ಅವನ ಕಾಲಿಗೆ ಚಪ್ಪಲಿಯನ್ನು ಹೆಂಡತಿಯೇ ತೊಡಿಸುತ್ತಿದ್ದಳು. ಕೊನೆಗೆ ಶಹರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ನಿನಗೆ ಆದದ್ದೇ. ಉಳಿದ ಹೊಟ್ಟೆ ಒಂದು ಬಾಳೆಹಣ್ಣಿನಷ್ಟು.

ಮೊದಲು ಬರೀ ನೀರು, ಗುಟುಕು ಗುಟುಕಾಗಿ. ಆಮೇಲೆ ಸೋಸಿದ ಗಂಜಿ. ಅದಾದ ಮೇಲೆ ಹಿಸುಕಿದ ಅನ್ನ, ಬೇಳೆ. ಡಾಕ್ಟರು ಹೆಂಡತಿಯನ್ನೂ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದ್ದರು. ಸಿಹಿ ಬೇಡ, ಜಿಡ್ಡು ಬೇಡ, ಒಂದು ಸಣ್ಣ ಬಟ್ಟಲು ಸಾಕು. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಆದರೆ ನಮ್ಮ ಕಡೆ ಸಾಕು ಎಂಬ ಮಾತನ್ನು ಯಾರು ನಂಬುತ್ತಾರೆ? ಎಲೆಗೆ ಎರಡೂ ಕೈ ಅಡ್ಡ ಹಿಡಿದವನಿಗೂ ಬೆರಳ ಸಂದಿನಿಂದ ಒಂದು ಸೌಟು ಬಿಡುವ ಜನ ನಾವು. ಡಾಕ್ಟರು ಹೇಳಿದ ಸಾಕು ಕೂಡ ಅಂಥದ್ದೇ ಸಂಕೋಚದ ಮಾತು ಎಂದು ಅವಳು ತಿಳಿದಳು.

ಮೈ ಇಳಿಯುತ್ತ ಬಂತು. ತಾನೇ ಬಗ್ಗಿ ಚಪ್ಪಲಿ ಹಾಕಿಕೊಂಡ ದಿನ ಅವನು ಖುಷಿಯಿಂದ ಹೆಂಡತಿಯನ್ನು ಕೂಗಿ ಕರೆದು ತೋರಿಸಿದ. ಅವಳು ನಕ್ಕಳು. ನಕ್ಕು ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಸಂತೋಷವೂ ಇತ್ತು, ತನ್ನದೊಂದು ಕೆಲಸ ಹೋಯಿತು ಎಂಬ ದುಃಖವೂ ಇತ್ತು.

ಪೇಟೆಯ ಜನ ಸುಮ್ಮನಿರುತ್ತಾರೆಯೇ? ಅವನ ಅಂಗಿ ಜೋಲುತ್ತಿತ್ತು, ಕೂದಲು ಉದುರುತ್ತಿತ್ತು. ಏನು ರೋಗ ಎಂದು ಒಬ್ಬ ಮೆಲ್ಲನೆ ಕೇಳುವನು. ಇನ್ನೆಷ್ಟು ದಿನವೋ ಪಾಪ ಎಂದು ಇನ್ನೊಬ್ಬ ಅವನ ಬೆನ್ನ ಹಿಂದೆ ಅನ್ನುವನು. ಮತ್ತೊಬ್ಬ, ಮನೆಯಲ್ಲಿ ಹೊಟ್ಟೆಗೆ ಹಾಕುವುದಿಲ್ಲವೇನು ಎಂದು ತಮಾಷೆ ಮಾಡಿದ. ಆ ತಮಾಷೆ ಹೆಂಡತಿಯ ಕಿವಿಗೂ ಬಿತ್ತು. ಬಡಿಸುವುದೇ ಬದುಕು ಎಂದುಕೊಂಡವಳಿಗೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಬೇಕೇ? ಅವಳು ಅಂದು ಉಪವಾಸ ಮಲಗಿದಳು.

ಮಾರನೆಯ ದಿನದಿಂದ ಅವಳು ಅವನ ಗಂಜಿಯಲ್ಲಿ ಬೆಲ್ಲ ಕರಗಿಸತೊಡಗಿದಳು. ತುಪ್ಪವನ್ನೂ ಗೊತ್ತಾಗದ ಹಾಗೆ ಬೆರೆಸಿದಳು. ಉಂಡ ಸ್ವಲ್ಪ ಹೊತ್ತಿಗೆ ಅವನಿಗೆ ಬೆವರು ಕಿತ್ತು ಬರುವುದು, ಎದೆ ಡವಗುಟ್ಟುವುದು, ಕೈಕಾಲು ನಡುಗುವುದು. ಹಿತ್ತಲಿಗೆ ಹೋಗಿ ಎಲ್ಲ ಕಕ್ಕುವನು. ಬಾಯಿ ತೊಳೆದುಕೊಂಡು ಬಂದು ಏನೂ ಆಗಿಲ್ಲ ಎನ್ನುವನು. ಅವನ ಮುಖ ಬಿಳಿಚಿದ್ದು ಕಂಡು, ಇನ್ನೂ ಶಕ್ತಿ ಸಾಲದು ಎಂದು ಅವಳು ಬೆಲ್ಲ ಹೆಚ್ಚು ಮಾಡುವಳು. ನೋಡು, ಇಬ್ಬರೂ ಒಳ್ಳೆಯವರೇ. ಒಬ್ಬರ ಮನಸ್ಸು ಇನ್ನೊಬ್ಬರು ನೋಯಿಸಬಾರದು ಎಂದೇ ಇಷ್ಟೆಲ್ಲ ನಡೆಯುತ್ತಿತ್ತು.

ಆಮೇಲೆ ಅವನು ಊಟದ ಹೊತ್ತಿಗೆ ಮನೆಗೆ ಬರುವುದನ್ನೇ ಬಿಟ್ಟ. ಅಂಗಡಿಯಲ್ಲೇ ಆಯಿತು ಎನ್ನುತ್ತಿದ್ದ. ಏನೂ ಆಗಿರುತ್ತಿರಲಿಲ್ಲ. ಹಾಕಲೇ ಎಂಬ ಮಾತು ಮನೆಯಲ್ಲಿ ನಿಂತಿತು, ಹಾಕು ಎಂಬ ಮಾತೂ ನಿಂತಿತು. ಬೇರೆ ಮಾತು ಅವರಿಬ್ಬರಿಗೂ ಬರುತ್ತಿರಲಿಲ್ಲ. ಹೊಟ್ಟೆಯ ಮೇಲಿನ ಗಾಯ ಚೆನ್ನಾಗಿ ಮಾಯ್ದಿತ್ತು, ಸಂಸಾರ ಬಿರುಕು ಬಿಡುತ್ತಿತ್ತು. ಅವನಿಗೂ ಅದು ಗೊತ್ತಾಗುತ್ತಿತ್ತು, ಅವಳಿಗೂ ಗೊತ್ತಾಗುತ್ತಿತ್ತು.

ಹಬ್ಬ ಬಂತು. ಹಬ್ಬದ ದಿನ ಮನೆಗೆ ಬರದೆ ಇರಲಾದೀತೇ? ಬಂದು ಕುಳಿತ. ಅವಳು ಗೋಧಿ ಹುಗ್ಗಿ ಮಾಡಿದ್ದಳು. ಹೊಟ್ಟೆ ತುಂಬಿದವನಿಗೆ ಹುಗ್ಗಿ ಮುಳ್ಳು ಎನ್ನುತ್ತಾರಲ್ಲ, ಇವನಿಗೆ ಅದು ನಿಜವಾಗಿಯೂ ಮುಳ್ಳಾಯಿತು. ಅವಳ ಮುಖ ನೋಡಿ ಬೇಡ ಎನ್ನಲಾರದೆ ಬಟ್ಟಲು ಖಾಲಿ ಮಾಡಿದ. ಏಳಲು ಹೋಗಿ ಕುಳಿತಲ್ಲಿಯೇ ಉರುಳಿಬಿದ್ದ. ಓಣಿಯ ಡಾಕ್ಟರು ಓಡಿಬಂದು ಸಲೈನು ಹಚ್ಚಿದರು. ಇಬ್ಬರಿಗೂ ಚೆನ್ನಾಗಿ ಬೈದರು. ಹೀಗೇ ಮಾಡಿದರೆ ಇನ್ನೊಮ್ಮೆ ನಾನು ಬಂದೂ ಪ್ರಯೋಜನವಿಲ್ಲ ಎಂದು ಹೇಳಿ ಹೋದರು. ಅವಳು ಮಂಚದ ಪಕ್ಕ ನೆಲದ ಮೇಲೆ ಕುಳಿತಳು.

"ದಿನಾ ಬೆಲ್ಲ ಹಾಕುತ್ತಿದ್ದೆ," ಎಂದಳು.

"ಗೊತ್ತಿತ್ತು."

"ಗೊತ್ತಿದ್ದೂ ಉಂಡಿರಾ?"

"ಬಡಿಸಿದವಳು ನೀನಲ್ಲವೇ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬಡಿಸುವುದೂ ಬೇಡವೆಂದರೆ ಇನ್ನು ನಾನು ನಿಮಗೆ ಯಾತಕ್ಕೆ ಎಂದು ಕೇಳಿದಳು. ಅವನು ಸಲೈನಿನ ಸೂಜಿ ಇಲ್ಲದ ಕೈಯಿಂದ ಅವಳ ಕೈ ಹಿಡಿದುಕೊಂಡು ಮಲಗಿದ.

ಅವನು ಚೇತರಿಸಿಕೊಂಡ ಮೇಲೆ ಅವಳು ಬೆಲ್ಲವಿಲ್ಲದ, ತುಪ್ಪವಿಲ್ಲದ ಅನ್ನ ಬೇಳೆ ಹಿಸುಕಿ ಬಟ್ಟಲಲ್ಲಿ ತಂದಿಟ್ಟಳು. ಅವನು ಒಂದು ತುತ್ತು ಬಾಯಿಗಿಟ್ಟು ಅಗಿಯತೊಡಗಿದ. ಅಷ್ಟು ಹೊತ್ತು ಅಗಿಯುವ ಮನುಷ್ಯ ಏನನ್ನು ನೋಡಬೇಕು ಹೇಳು? ಮೊದಲಾದರೆ ಅವನ ಕಣ್ಣು ತಾಟಿನ ಮೇಲೆಯೇ ಇರುತ್ತಿತ್ತು, ಮುಂದಿನ ತುತ್ತು ಎಲ್ಲಿಂದ ಎಂದು. ಈಗ ಬಟ್ಟಲಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ತಲೆ ಎತ್ತಿದ. ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕೂದಲು ನೆರೆತಿತ್ತು. ಅದು ಯಾವಾಗ ನೆರೆಯಿತು ಎಂದು ಎಷ್ಟು ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ.

ಹಿಂದೆಲ್ಲ ಉಂಡ ಮೇಲೆ ಎಲೆಅಡಿಕೆ ಹಾಕಿಕೊಂಡು ಅಡ್ಡಾಗುತ್ತಿದ್ದ. ಈಗ ಹೊಟ್ಟೆ ಭಾರವಿಲ್ಲ, ನಿದ್ದೆ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತು ಕುಳಿತು, ಬಟ್ಟಲು ತಾನೇ ಎತ್ತಿಕೊಂಡು ಅಡಿಗೆಮನೆಗೆ ಹೋದ. ಹೆಂಡತಿ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಪಾತ್ರೆಯಲ್ಲಿ ತಳಹಿಡಿದ ಅನ್ನವನ್ನು ಕೆರೆದು ತಿನ್ನುತ್ತಿದ್ದಳು. ಪಕ್ಕದ ಬುಟ್ಟಿಯಲ್ಲಿ ಬಿಸಿ ರೊಟ್ಟಿ ಇತ್ತು. ಪಲ್ಯ ಬೇಕಾದಷ್ಟಿತ್ತು. ಅದನ್ನು ಯಾಕೆ ಉಣ್ಣುತ್ತಿಲ್ಲ ಎಂದು ಕೇಳಿದ. ಅಯ್ಯೋ, ರೂಢಿ ಎಂದಳು. ಅವನು ಉಣ್ಣುತ್ತಿದ್ದ ಕಾಲದಲ್ಲಿ ಎಷ್ಟು ಮಾಡಿದರೂ ಅವಳಿಗೆ ಉಳಿಯುತ್ತಿದ್ದದ್ದು ತಳವೇ. ಈಗ ಎಲ್ಲವೂ ಉಳಿಯುತ್ತದೆ, ಆದರೂ ಕೈ ತಳಕ್ಕೇ ಹೋಗುತ್ತದೆ. ಇದನ್ನು ಅವಳು ಬೈದು ಹೇಳಲಿಲ್ಲ, ನಗುತ್ತ ಹೇಳಿದಳು. ಬೈದಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಅವನು ತನ್ನ ಬಟ್ಟಲಿನ ಎದುರಿಗೆ ಇನ್ನೊಂದು ತಾಟು ಇಟ್ಟ. ಅವಳನ್ನು ಕೈಹಿಡಿದು ಕೂರಿಸಿದ. ಸೌಟು ಹಿಡಿದು ಗೊತ್ತಿಲ್ಲದ ಪ್ರಾಣಿ, ಅರ್ಧ ಸಾರು ನೆಲಕ್ಕೆ ಬಡಿಸಿದ. ಅವಳಿಗೂ ಹೀಗೆ ಕುಳಿತು ಉಂಡು ಗೊತ್ತಿಲ್ಲ. ಯಾರೋ ಕರೆಯುತ್ತಾರೆ ಎಂಬಂತೆ ಗಬಗಬ ನುಂಗುತ್ತಿದ್ದಳು. ನಿಧಾನವಾಗಿ ಅಗಿ, ಡಾಕ್ಟರು ಹೇಳಿದ್ದಾರೆ ಎಂದ. ಅದು ನಿಮಗೆ ಹೇಳಿದ್ದು ಎಂದು ಅವಳು ನಕ್ಕಳು. ಅವನೂ ನಕ್ಕ. ಆ ಮನೆಯಲ್ಲಿ ಊಟಕ್ಕೆ ಕುಳಿತಾಗ ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ಅವನ ಒಂದು ಬಟ್ಟಲೂ ಅವಳ ತಾಟಿನ ತುಂಬ ಊಟವೂ ಒಂದೇ ಹೊತ್ತಿಗೆ ಮುಗಿದವು. ನಡುವೆ ಹೊತ್ತು ಬೇಕಾದಷ್ಟಿತ್ತು, ಮಾತು ತಾನಾಗಿಯೇ ಬಂತು. ಬದನೆಕಾಯಿ ತಿಂದರೆ ಅವಳಿಗೆ ಗಂಟಲು ಕೆರೆಯುತ್ತದೆ ಎಂಬುದು ಅವನಿಗೆ ಅಂದು ಗೊತ್ತಾಯಿತು. ಇಷ್ಟು ವರ್ಷ ಎಣ್ಣೆಗಾಯಿ ಮಾಡಿದವಳು ಅವಳೇ. ಹಾಗಾದರೆ ನಿನಗೆ ಏನು ಇಷ್ಟ ಎಂದು ಕೇಳಿದ. ಅವಳು ಬಹಳ ಹೊತ್ತು ಯೋಚಿಸಿದಳು. ಯಾರೂ ಕೇಳಿರಲಿಲ್ಲ ನೋಡು, ಅವಳಿಗೇ ಮರೆತುಹೋಗಿತ್ತು. ಕೊನೆಗೆ, ಬಿಸಿ ಅನ್ನ, ಕೆನೆಮೊಸರು ಎಂದಳು. ಹೇಳಿ ಚಿಕ್ಕ ಹುಡುಗಿಯ ಹಾಗೆ ನಾಚಿಕೊಂಡಳು.

ಇಷ್ಟು ಹೇಳಿ ಅಪ್ಪಾವರು ನಿಲ್ಲಿಸಿದರು. ಆ ವ್ಯಾಪಾರಿಯ ತಿನ್ನುವ ಆಸೆ ಹೋಯಿತೇ ಎಂದು ಗುರುಪಾದ ಕೇಳಿದ.

ಎಲ್ಲಿ ಹೋಗುತ್ತದೆ, ಆಸೆಗೆ ಆಪರೇಷನ್ ಇದೆಯೇನು ಎಂದರು ಅಪ್ಪಾವರು. ಈಗಲೂ ಹೋಳಿಗೆ ಬೇಯುವ ವಾಸನೆ ಬಂದರೆ ಅವನ ಕಣ್ಣು ಒದ್ದೆಯಾಗುತ್ತದೆ. ಒಮ್ಮೊಮ್ಮೆ ಮರೆತು ದೊಡ್ಡ ತುತ್ತು ನುಂಗಿ, ಎದೆ ಹಿಡಿದುಕೊಂಡು ಅಂಗಳದಲ್ಲಿ ತಿರುಗುತ್ತಾನೆ. ಯಾರದೋ ಮದುವೆಯಲ್ಲಿ ಹಳೆಯ ಗೆಳೆಯರು ಅವನನ್ನು ಕರೆಯದೆ ಪಂಕ್ತಿಗೆ ಕುಳಿತರೆಂದು ಮನೆಗೆ ಬಂದು ಅತ್ತದ್ದೂ ಉಂಟು. ಹೆಂಡತಿ ತಲೆ ಸವರಿದಳು. ಆದರೆ ಮಧ್ಯಾಹ್ನವಾಯಿತೆಂದರೆ ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಓಡುತ್ತಾನೆ, ಗಿರಾಕಿ ನಿಂತಿದ್ದರೂ ಕೇಳುವುದಿಲ್ಲ.

ಗುರುಪಾದ ಕಣ್ಣೊರೆಸಿಕೊಂಡ. ಮನಸ್ಸು ಹಗುರವಾಯಿತು ಅಪ್ಪಾವರೇ, ನಾಳೆಯಿಂದ ನಾನೂ ಬಟ್ಟಲು ತೆಗೆದುಕೊಂಡು ಪಂಕ್ತಿಗೆ ಬರುತ್ತೇನೆ ಎಂದ. ಬಾ, ಬಾ, ನನ್ನ ಪಕ್ಕವೇ ಕೂರು ಎಂದು ಅಪ್ಪಾವರು ಅವನ ಬೆನ್ನು ತಟ್ಟಿ ಎದ್ದರು. ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು.

"ನಿನ್ನ ಅಕ್ಕ ಇವತ್ತು ಏನು ಉಂಡಳು?"

ಗುರುಪಾದನಿಗೆ ಗೊತ್ತಿರಲಿಲ್ಲ.