ಮೂರುದಾರಿಯ ನಿಂಬೆಹಣ್ಣು

ಮೂರು ದಾರಿ ಕೂಡುವ ಕಡೆ ಒಂದು ನಿಂಬೆಹಣ್ಣು ಬಿದ್ದಿತ್ತು. ಅದರ ಹೊಟ್ಟೆ ಸೀಳಿ ಯಾರೋ ಕುಂಕುಮ ತುಂಬಿದ್ದರು. ಜನ ಅದನ್ನು ಕಂಡು ದೂರದಿಂದಲೇ ಬಳಸಿ ನಡೆಯುತ್ತಿದ್ದರು.

ಕಾಗೆಯೊಂದು ಬೇಲಿಯ ಮೇಲೆ ಕೂತು ಕೇಳಿತು. "ಏನಪ್ಪ ನಿಂಬೆ, ಮಾಟ ಮಾಟ ಎನ್ನುತ್ತಾರಲ್ಲ, ಹಾಗಂದರೆ ನೀನೇನಾ?"

"ನಾನು ಬರೀ ಹುಳಿ, ಕಾಗಕ್ಕ. ಗಂಡನಿಲ್ಲದ ದುರುಗವ್ವನ ಹಿತ್ತಲಲ್ಲಿ ಹುಟ್ಟಿದ್ದು. ನಿನ್ನೆ ಅವಳ ಮೈದುನ ಕೆಂಚಪ್ಪ ಉಪ್ಪಿನಕಾಯಿಗೆ ಬೇಕೆಂದ. ಪಾಪ, ಅವಳೇ ಕೈಯಾರೆ ಕಿತ್ತುಕೊಟ್ಟಳು. ಅವನು ನನ್ನನ್ನು ಸೀಳಿ ಇಲ್ಲಿಟ್ಟು ಹೋದ."

"ಯಾಕಂತೆ?"

"ಅವನಿಗೆ ಆ ಹಿತ್ತಲು ಬೇಕು."

ಅಷ್ಟರಲ್ಲಿ ಕೆಂಚಪ್ಪ ಹತ್ತು ಜನರನ್ನು ಕರೆತಂದ. "ಊರಲ್ಲಿ ನಿಂಬೆಗಿಡ ಇರುವುದು ಒಂದೇ ಮನೆಯಲ್ಲಿ. ಇನ್ನು ನಾನು ಬಾಯಿಬಿಟ್ಟು ಹೇಳಬೇಕೆ?" ಎಂದ. ಹೇಳುವ ಅಗತ್ಯವೇ ಬೀಳಲಿಲ್ಲ. ಕೂಸು ಕಳಕೊಂಡವಳಿಗೂ ಎಮ್ಮೆ ಸತ್ತವನಿಗೂ ಆ ಹಿತ್ತಲು ಥಟ್ಟನೆ ನೆನಪಾಯಿತು.

"ಇಟ್ಟವನು ಇವನೇ" ಎಂದು ನಿಂಬೆ ಕೂಗಿತು. ಅದರ ದನಿ ಯಾರಿಗೂ ಕೇಳಲಿಲ್ಲವೆಂದು ಕಾಗೆಯೂ ಗಂಟಲು ಹರಿಯುವಂತೆ ಕೂಗಿತು. ಜನ ಅಪಶಕುನವೆಂದು ಅದಕ್ಕೆ ಕಲ್ಲು ಬೀರಿದರು.

ಸಂಜೆಯೊಳಗೆ ದುರುಗವ್ವನನ್ನು ಹೊಡೆದು ಊರ ಗಡಿ ದಾಟಿಸಿದರು. ಆಮೇಲೆ ಮಾಟಗಾತಿಯ ಕಣ್ಣು ತಮ್ಮ ಮನೆಗೆ ತಾಗದಿರಲೆಂದು ಒಬ್ಬೊಬ್ಬರೂ ಬಾಗಿಲಿಗೆ ಒಂದೊಂದು ನಿಂಬೆಹಣ್ಣು ಕಟ್ಟಿದರು. ದಾರಿಯಲ್ಲಿ ಒಣಗುತ್ತಿದ್ದ ನಿಂಬೆ ಕಣ್ಣೆತ್ತಿ ನೋಡಿತು. ಬಾಗಿಲು ಬಾಗಿಲಲ್ಲೂ ತೂಗುತ್ತಿದ್ದವು ಅದರ ಒಡಹುಟ್ಟಿದವೇ. ಕಿತ್ತು ಹಂಚಿದವನು ಕೆಂಚಪ್ಪ.