ಪಕ್ಕೀರ ಮೀನಿಗೆ ಜೋಡಿ ತಂದದ್ದು

ಗದಗಿನಲ್ಲಿ ಶಾವಂತ್ರವ್ವ ಅಂತ ಒಬ್ಬಳು. ಅವಳಿಗೆ ಪಕ್ಕೀರ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಹಿಂದೆ ಉಳಿದಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ಅದೇ ಅವನ ಗುಣ, ಅದೇ ಅವಳ ಗೋಳು!

ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಈ ಮಗ, ಮತ್ತೆ ಗಂಡ ಜೀವದಂತೆ ನೋಡಿಕೊಂಡಿದ್ದ ಗಾಜಿನ ತೊಟ್ಟಿ. ಅದರಲ್ಲಿ ಒಂದೇ ಒಂದು ಸಿಕ್ಲಿಡ್ ಮೀನು. ದಕ್ಷಿಣ ಅಮೆರಿಕದ ಜಾತಿ, ಮೈತುಂಬ ನೀಲಿ ಚುಕ್ಕಿ. ಜೋಡಿ ಸತ್ತು, ಒಂಟಿಯಾಗಿ, ಮೂಲೆ ಹಿಡಿದು ಮೇವು ಬಿಟ್ಟಿತ್ತು.

"ಇದೂ ಹೋದ್ರ ನಿಮ್ಮಪ್ಪ ಇನ್ನೊಮ್ಮೆ ಸತ್ತಂಗ," ಅಂದಳು ಶಾವಂತ್ರವ್ವ. "ಗಂಡೋ ಹೆಣ್ಣೋ ತಿಳದು ಜೋಡಿ ತರೂಣು. ಹೊಟ್ಟಿ ಕೆಂಪಿದ್ರ ಹೆಣ್ಣ. ಹೊಟ್ಟಿ ನೋಡಪಾ!"

ಪಕ್ಕೀರ ಮೀನನ್ನು ಹಿಡಿದು ಹೊರಗೆ ತೆಗೆದ, ಅಂಗೈ ಮೇಲೆ ಅಂಗಾತ ಮಲಗಿಸಿದ. ಅವ್ವ ಚೀರಿಕೊಂಡು ಬಂದು ನೀರಿಗೆ ಬಿಟ್ಟಳು.

"ಹೊಟ್ಟಿ ನೋಡಂದ್ಯಲ್ಲವ್ವ!"

"ನೀರಾಗಿದ್ದಾಗ ನೋಡಬೇಕೋ ಹುಚ್ಚಾ! ಹೊಟ್ಟಿ ಕೆಂಪಿಲ್ಲ, ಬೆನ್ನ ಮ್ಯಾಲಿನ ಮುಳ್ಳು ಉದ್ದೈತಿ. ಇದು ಗಂಡ. ಅಂಗಡಿಗೆ ಹೋಗು, ನೀರಾಗಿದ್ದಾಗ ನೋಡು, ಹೊಟ್ಟಿ ಕೆಂಪಿದ್ದದ್ದು ತಗೊಂಬಾ!"

ಹೋದ. ನೀರಿನಲ್ಲಿದ್ದಾಗಲೇ ನೋಡಿದ. ಹೊಟ್ಟೆ ಕೆಂಪಗಿದ್ದದ್ದನ್ನೇ ತಂದ. ಅಂಗೈಯಗಲದ, ಬಾಯ್ತುಂಬ ಹಲ್ಲಿದ್ದ ಪಾಕು ಮೀನು! ಬಿಟ್ಟದ್ದೇ ತಡ, ಗಂಡಿನ ಬಾಲ ಅರ್ಧ ಕಡಿದು ಹಾಕಿತು.

"ಹೊಟ್ಟಿ ಕೆಂಪೈತಲ್ಲವ್ವ!"

"ಜಾತೀನ ಬ್ಯಾರೆ ಐತಲ್ಲೋ! ಒಯ್ದು ಕೊಟ್ಟು ಬಾ. ಇದರಂಗ ಇರೂದನ್ನ ತರಬೇಕು, ಇದರಂಗ!"

ಪಕ್ಕೀರ ಅಪ್ಪನ ಮೀನನ್ನು ಕಣ್ತುಂಬ ನೋಡಿಕೊಂಡು ಹೋದ. ಅದರ ಹಾಗೇ ಇದ್ದದ್ದನ್ನು ಹುಡುಕಿ ಬೆರಳು ತೋರಿಸಿದ.

"ಇದು ಗಂಡಪಾ, ಮುಳ್ಳು ನೋಡು," ಅಂದ ಅಂಗಡಿಯವನು.

"ನಮ್ಮದಕ್ಕೂ ಹಂಗ ಐತಿ. ಇದನ್ನ ಕೊಡ್ರಿ!"

ತಂದ, ಬಿಟ್ಟ, ಮಲಗಿದ. ಒಂದು ಒರೆಯಲ್ಲಿ ಎರಡು ಕತ್ತಿ ಇರುತ್ತವೆಯೇ? ಬೆಳಗಾಗುವಷ್ಟರಲ್ಲಿ ಅಪ್ಪನ ಮೀನು ತೇಲುತ್ತಿತ್ತು.

ಶಾವಂತ್ರವ್ವ ಅದನ್ನು ಅಂಗೈಗೆ ಎತ್ತಿಕೊಂಡಳು. "ಗಂಡಿಗೆ ಗಂಡ ತಂದ್ಯಲ್ಲೋ ಮಗನ! ಇದಕ್ಕಿಂತ ಆ ಒಂಟಿ ಜೀವದ ಮುಂದ ಒಂದು ಕನ್ನಡಿ ಇಟ್ಟಿದ್ರೂ ಆಗತಿತ್ತು. ಜೋಡಿ ಐತಿ ಅಂತ ನಾಕು ತುತ್ತು ತಿಂತಿತ್ತು."

ಆಮೇಲೆ ಅವಳೂ ಮೂಲೆ ಹಿಡಿದಳು. ಉಣ್ಣುವುದನ್ನೂ ಬಿಟ್ಟಳು. ಪಕ್ಕೀರನಿಗೆ ಹೆದರಿಕೆಯಾಯಿತು, ಅವ್ವನೂ ತೇಲಿಬಿಟ್ಟರೆ? ಗಂಡ ಸತ್ತಂದಿನಿಂದ ಅವಳು ಗೋಡೆಗೆ ಮುಖ ಮಾಡಿಟ್ಟಿದ್ದ ಕನ್ನಡಿಯನ್ನು ತಂದು ಅವಳ ಎದುರಿಗೇ ನಿಲ್ಲಿಸಿದ. ಬೋಳು ಹಣೆ ಕಂಡದ್ದೇ ಶಾವಂತ್ರವ್ವನಿಗೆ ದುಃಖ ಒತ್ತರಿಸಿ ಬಂತು.

ಪಕ್ಕೀರ ಅವಳ ಮುಂದೆ ಒಂದು ರೊಟ್ಟಿ ಇಟ್ಟ. ಸುತ್ತಿ ಹೋಗಿ ಕನ್ನಡಿಯ ಹಿಂದೆ ಇನ್ನೊಂದು ಇಟ್ಟ.

"ಜೋಡಿ ಬಂತವ್ವ. ಅಕಿನೂ ಅಳಾಕತ್ತಾಳ ನೋಡು. ನೀ ಉಂಡ್ರ ಅಕಿನೂ ಉಣ್ತಾಳ."

ಶಾವಂತ್ರವ್ವ ಅಳುತ್ತಲೇ ಒಂದು ತುತ್ತು ಮುರಿದಳು. ಕನ್ನಡಿಯವಳೂ ಉಂಡಳೆಂದು ಪಕ್ಕೀರ ಚಪ್ಪಾಳೆ ತಟ್ಟಿದ.